ಗೋಡೆಯ ಮೇಲೆ ಎಳೆದ ಗೆರೆಗಳು

ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಹನ್ನೊಂದು ವರ್ಷದಿಂದ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಮೊದಲ ಕೆಲವು ವರ್ಷ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದೆ. ಹದಿಮೂರರ ಒಳಗಿನವರ ತಂಡ ಆರಿಸುವಾಗ ಎತ್ತರಕ್ಕಿದ್ದವರನ್ನು, ಜೋರಾಗಿ ಓಡುವವರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದೆ. ಗೆಲ್ಲುತ್ತಿದ್ದೆವು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಕೇಳಿದ್ದು ಒಬ್ಬ ಅಪ್ಪ. ಆಟೋ ಓಡಿಸುವವರು. ಅವರ ಮಗನನ್ನು ಗ್ರೌಂಡಿನಲ್ಲಿ ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ಒಂದು ಇಡೀ ಟೂರ್ನಿಯಲ್ಲಿ ಅವನನ್ನು ಬೆಂಚ್ ಮೇಲೆ ಕೂರಿಸಿದ್ದೆ. ‘ಸಾರ್, ಇವನ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ. ಬೆಳಿಗ್ಗೆ ಐದೂವರೆಗೆ ಎಬ್ಬಿಸೋದಾದ್ರೂ ಬಿಡ್ತೀನಿ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ರಿಜಿಸ್ಟರ್ ತೆಗೆದು ಹುಟ್ಟಿದ ದಿನಾಂಕ ನೋಡುತ್ತಾ ಹೋದೆ. ಆರಿಸಿದ ಹದಿನಾರು ಹುಡುಗರಲ್ಲಿ ಹತ್ತು ಜನ ಜನವರಿಯಿಂದ ಏಪ್ರಿಲ್ ಒಳಗೆ ಹುಟ್ಟಿದವರು. ಕಡ್ಡಿ ಹುಟ್ಟಿದ್ದು ಡಿಸೆಂಬರ್ ಮೂರನೇ ವಾರ. ವಯಸ್ಸಿನ ಗಡಿ ಜನವರಿ 1. ಅಂದರೆ ಒಂದೇ ತಂಡದಲ್ಲಿ ಹನ್ನೊಂದು ತಿಂಗಳು ದೊಡ್ಡವನ ಜೊತೆ ಇವನು ಭುಜ ಕೊಟ್ಟು ನಿಲ್ಲಬೇಕು. ಮೂರು ಹುಡುಗರ ಮುಂದೆ ಜೂನ್ 1 ಅಂತಿತ್ತು. ಶಾಲೆಗೆ ಸೇರಿಸುವ ದಿನ ದಿನಾಂಕ ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆದುಬಿಡುತ್ತಿದ್ದ ದಿನ ಅದು, ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ಫೆಡರೇಷನ್ ಟೂರ್ನಿಗಳಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವುದು ಇದಕ್ಕೇ. ಆದರೆ ದಿನಾಂಕ ಸರಿ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ. ಹದಿಮೂರರ ಇಬ್ಬರು ಹುಡುಗರ ನಡುವೆ ಬೆಳವಣಿಗೆಯಲ್ಲಿ ಮೂರು ವರ್ಷದ ವ್ಯತ್ಯಾಸ ಇರಬಹುದು.

ಮರುದಿನ ಕಡ್ಡಿಯೊಬ್ಬನನ್ನೇ ನೋಡುತ್ತಾ ನಿಂತೆ. ಚೆಂಡು ಇನ್ನೂ ದೂರ ಇರುವಾಗಲೇ ಅವನು ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಚೆಂಡು ಬಂದಾಗ ಅದನ್ನು ಕಾಲಕೆಳಗೆ ನಿಲ್ಲಿಸುತ್ತಿರಲಿಲ್ಲ. ಚೆಂಡಿಗೆ ದೂರವಿರುವ ಕಾಲಿನಿಂದ ಖಾಲಿ ಜಾಗದ ಕಡೆಗೆ ತಿರುಗಿಸಿಕೊಂಡು ಹೊರಟಿರುತ್ತಿದ್ದ. ದೊಡ್ಡ ಹುಡುಗರ ಡಿಕ್ಕಿ ತಪ್ಪಿಸಿಕೊಳ್ಳಲು ತಾನೇ ಕಲಿತದ್ದು. ನಾನು ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ರಾಮನ್, ಚೆಂಡನ್ನು ಬರಿಗಾಲಲ್ಲಿ ಆಡಿಸುತ್ತಿದ್ದ ಅಹ್ಮದ್ ಖಾನ್, ಇಬ್ಬರೂ ಇದೇ ಊರಿನವರು. ಅವರ ಕತೆ ಹೇಳುತ್ತಾ ಬೆಳೆದ ನಾನೇ ಕಾಲಿನ ಕೆಲಸ ನೋಡದೆ ಎತ್ತರ ಅಳೆದು ಕೂತಿದ್ದೆ.

ಆಮೇಲೆ ಮಾಡಿದ್ದು ಇಷ್ಟು. ಸಾಮಾನು ಇಡುವ ಕೋಣೆಯ ಗೋಡೆಗೆ ಹುಡುಗರನ್ನು ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯುತ್ತೇನೆ. ಎಲ್ಲರೂ ಹಿಮ್ಮಡಿ ಎತ್ತಿಯೇ ನಿಲ್ಲುತ್ತಾರೆ, ಪಾದ ನೆಲಕ್ಕೆ ಒತ್ತಿ ಹಿಡಿಯಬೇಕು. ಬುಧವಾರ ಮಾತ್ರ ವಯಸ್ಸು ಬಿಟ್ಟು ಮೈಕಟ್ಟಿನ ಪ್ರಕಾರ ಗುಂಪು ಮಾಡುತ್ತೇನೆ. ಇಂಗ್ಲೆಂಡಿನ ಕ್ಲಬ್ ಅಕಾಡೆಮಿಗಳಲ್ಲಿ ಇದಕ್ಕೆ ಬಯೋ ಬ್ಯಾಂಡಿಂಗ್ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬೇಕಾದ ಅಳತೆಯೆಲ್ಲ ಇಲ್ಲ, ಗೋಡೆ ಮತ್ತು ಕಣ್ಣು ಅಷ್ಟೆ. ನಾಲ್ಕು ಜನರಿಗೆ ನಾಲ್ಕು ಜನ, ಮೂವತ್ತು ಮೀಟರ್ ಉದ್ದದ ಅಂಗಳ, ನಾಲ್ಕನೇ ಸೈಜಿನ ಚೆಂಡು, ಗೋಲ್‌ಕೀಪರ್ ಇಲ್ಲ. ಹನ್ನೊಂದು ಜನರ ಆಟದಲ್ಲಿ ಚೆಂಡು ಮುಟ್ಟದೆ ಓಡಾಡಿಕೊಂಡಿರುವ ಹುಡುಗ ಇಲ್ಲಿ ಬಚ್ಚಿಟ್ಟುಕೊಳ್ಳಲಾರ.

ಗೋಡೆಯಿಂದ ಇನ್ನೊಂದು ಉಪಯೋಗವಾಯಿತು. ಎರಡು ಗೆರೆಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಹೆಚ್ಚಾದರೆ ಆ ಹುಡುಗನ ಜಿಗಿತ, ಸ್ಪ್ರಿಂಟ್ ಎರಡನ್ನೂ ಕಡಿಮೆ ಮಾಡುತ್ತೇನೆ. ಎಲುಬು ಬೇಗ ಉದ್ದವಾಗುತ್ತಿರುವಾಗ ತೊಡೆಯ ಸ್ನಾಯು ಮಂಡಿಚಿಪ್ಪಿನ ಕೆಳಗಿನ ಮೂಳೆಯನ್ನು ಎಳೆದೆಳೆದು ಅಲ್ಲಿ ನೋವು, ಉಬ್ಬು ಬರುತ್ತದೆ. ಮೊದಲು ಅಂಥ ಹುಡುಗರಿಗೆ ‘ನೆಪ ಹೇಳ್ಬೇಡ, ಓಡು’ ಅಂದಿದ್ದೇನೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ.

ಆದರೆ ನನ್ನಿಂದ ಹೆಚ್ಚು ಅನ್ಯಾಯವಾಗಿದ್ದು ಕಡ್ಡಿಗಲ್ಲ, ನನ್ನ ಹಳೆಯ ಸೆಂಟರ್ ಫಾರ್ವರ್ಡ್‌ಗೆ. ಹನ್ನೆರಡಕ್ಕೇ ಮೀಸೆ ಚಿಗುರಿತ್ತು. ಚೆಂಡು ಮುಂದಕ್ಕೆ ತಳ್ಳಿ ಹಿಂದೆ ಓಡಿದರೆ ಯಾರೂ ಹಿಡಿಯುತ್ತಿರಲಿಲ್ಲ, ನಾನೂ ಬದಿಯಲ್ಲಿ ನಿಂತು ‘ಅವನಿಗೆ ಕೊಡು, ಅವನಿಗೆ ಕೊಡು’ ಅಂತ ಕೂಗುತ್ತಿದ್ದೆ. ಹದಿನೈದಕ್ಕೆ ಉಳಿದವರೆಲ್ಲ ಅವನಷ್ಟೇ ಎತ್ತರವಾದರು. ಆಗ ಅವನ ಎಡಗಾಲು ಕೆಲಸಕ್ಕೆ ಬರುತ್ತಿರಲಿಲ್ಲ, ಬೆನ್ನ ಹಿಂದೆ ಒಬ್ಬ ಅಂಟಿಕೊಂಡಿದ್ದರೆ ಚೆಂಡು ಹಿಡಿಯಲು ಗೊತ್ತಿರಲಿಲ್ಲ. ಅದರ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲವಲ್ಲ. ಒಂದು ದಿನ ಬೂಟು ಚೀಲಕ್ಕೆ ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. ಹಾಗಾಗಿ ಈಗ ಬೇಗ ಬೆಳೆದ ಹುಡುಗರನ್ನು ಬುಧವಾರ ಎರಡು ವರ್ಷ ದೊಡ್ಡವರ ಜೊತೆ ಆಡಿಸುತ್ತೇನೆ. ಮೊದಲ ತಿಂಗಳು ಸಿಟ್ಟು ಮಾಡಿಕೊಳ್ಳುತ್ತಾರೆ. ಆಮೇಲೆ ತಲೆ ಎತ್ತಿ ಆಡುವುದು ತಾನಾಗಿ ಬರುತ್ತದೆ.

ಕಡ್ಡಿಗೆ ಈಗ ಹದಿನಾರು ದಾಟಿದೆ. ಹದಿನಾಲ್ಕು ತುಂಬಿದ ಮೇಲೆ ಒಂದೇ ವರ್ಷದಲ್ಲಿ ಒಂಬತ್ತು ಸೆಂಟಿಮೀಟರ್ ಬೆಳೆದ. ಆ ವರ್ಷ ಕಾಲು ಅವನ ಮಾತು ಕೇಳುತ್ತಿರಲಿಲ್ಲ, ಸುಲಭದ ಪಾಸೂ ತಪ್ಪುತ್ತಿತ್ತು. ಕಾದೆವು. ಈಗ ಮಧ್ಯದಲ್ಲಿ ಆಡುತ್ತಾನೆ, ಹೆಗಲ ಮೇಲಿಂದ ನೋಡುವ ಅಭ್ಯಾಸ ಹಾಗೆಯೇ ಇದೆ.

ಹೀಗೆ ಮಾಡಿದರೆ ಸೋಲೂ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹೋದ ತಿಂಗಳು ಹದಿಮೂರರ ತಂಡದಲ್ಲಿ ಐದು ಜನ ಚಿಕ್ಕ ಹುಡುಗರನ್ನು ಪೂರ್ತಿ ಹೊತ್ತು ಆಡಿಸಿದೆ, ನಾಲ್ಕು–ಸೊನ್ನೆಯಿಂದ ಸೋತೆವು. ಸಂಜೆ ಪೋಷಕರು ಸುತ್ತುವರಿದರು. ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ, ಅವರವರ ಮಗನ ಗೆರೆ ಎಲ್ಲಿದೆ, ಎದುರು ತಂಡದ ಹುಡುಗರು ಸುಮಾರು ಎಲ್ಲಿಗೆ ಬರುತ್ತಿದ್ದರು ಅಂತ ಕೈಯಿಟ್ಟು ಹೇಳಿದೆ. ಇಬ್ಬರು ಮಕ್ಕಳನ್ನು ಬಿಡಿಸಿಕೊಂಡು ಬೇರೆ ಕಡೆ ಸೇರಿಸಿದರು. ಉಳಿದವರೆಲ್ಲ ಬುಧವಾರ ಐದೂಮುಕ್ಕಾಲಿಗೆ ಬಂದರು.