ಡಾಂಕಿ ಕಾಂಗ್: ಆರ್ಕೇಡ್ ಆಟವನ್ನೂ ಅದರ ಮನೆ ಆವೃತ್ತಿಗಳನ್ನೂ ಹೋಲಿಸಿ ನೋಡುವುದು ಹೇಗೆ?

1990ರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ ಬಂದ ‘ಟಿವಿ ಗೇಮ್’ ಯಂತ್ರಕ್ಕೆ, ನೂರಾರು ಆಟಗಳಿವೆ ಎಂದು ಮೇಲೆ ಅಚ್ಚು ಹಾಕಿದ ಕ್ಯಾಸೆಟ್ ಸಿಕ್ಕಿಸಿ ಡಾಂಕಿ ಕಾಂಗ್ ಆಡಿದವರು ಈ ಲೇಖನ ಓದುವವರಲ್ಲೂ ಇರಬಹುದು. ಅವರ ನೆನಪಿನಲ್ಲಿ ಆ ಆಟಕ್ಕೆ ಮೂರೇ ಹಂತ. ಜಪಾನಿನ ನಿಂಟೆಂಡೊ ಕಂಪನಿ 1981ರಲ್ಲಿ ಆರ್ಕೇಡ್‌ಗಳಿಗೆಂದು, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಿಗೆಂದು, ಹೊರತಂದ ಮೂಲ ಆಟಕ್ಕೆ ನಾಲ್ಕು. ನಡುವೆ ಕಳೆದುಹೋದ ಆ ಒಂದು ಹಂತದ ಬೆನ್ನು ಹತ್ತಿದರೆ, ಒಂದೇ ಹೆಸರಿನ ಆಟ ಯಂತ್ರದಿಂದ ಯಂತ್ರಕ್ಕೆ ಹೇಗೆ ಬೇರೆಯಾಗುತ್ತ ಹೋಯಿತು ಎಂಬುದು ತೆರೆದುಕೊಳ್ಳುತ್ತದೆ.

ಎರಡು ಆವೃತ್ತಿಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ‘ಇದು ಚೆಂದ, ಅದು ಕಳಪೆ’ ಎಂದು ಹೇಳಿಬಿಡುವುದು ಸುಲಭ. ಅದರಿಂದ ತಿಳಿಯುವುದು ಮಾತ್ರ ಕಡಿಮೆ. ಆರ್ಕೇಡ್ ಆಟವನ್ನು ಮನೆಯ ಯಂತ್ರಕ್ಕೆ ಇಳಿಸಿದ ಪ್ರತಿಯೊಬ್ಬರೂ ಏನಾದರೊಂದನ್ನು ಬಿಡಲೇಬೇಕಿತ್ತು. ಅವರು ಬಿಟ್ಟದ್ದು ಯಾವುದು, ಬಿಡೆನೆಂದು ಹಟ ಹಿಡಿದದ್ದು ಯಾವುದು ಎಂಬುದನ್ನು ಆಡಿ, ಎಣಿಸಿ, ಬರೆದಿಟ್ಟುಕೊಂಡು ಪತ್ತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ನಿಧಾನಗತಿಯ ವಿಡಿಯೊ ತೆಗೆಯಬಲ್ಲ ಒಂದು ಫೋನು ಮತ್ತು ಸಾಕಷ್ಟು ತಾಳ್ಮೆ.

ಮೊದಲು ಮೂಲವನ್ನು ನಿಗದಿ ಮಾಡಿಕೊಳ್ಳಿ

ಹೋಲಿಕೆಗೆ ಒಂದು ಅಳತೆಗೋಲು ಬೇಕು, ಆದರೆ ಡಾಂಕಿ ಕಾಂಗ್‌ನ ಆರ್ಕೇಡ್ ರೂಪವೇ ಒಂದಾಗಿಲ್ಲ. ಕಾಂಗ್ ಎಂಬ ಗೊರಿಲ್ಲಾ ಹೊತ್ತೊಯ್ದ ಹುಡುಗಿಯನ್ನು ಬಿಡಿಸಲು ಆಟಗಾರ ಮಾರಿಯೊ ಎಂಬವನನ್ನು ಮೇಲಕ್ಕೆ ಏರಿಸುತ್ತ ಹೋಗುವ ಆಟವಿದು. ಅದರ ಹಂತಗಳನ್ನು ಎತ್ತರದ ಲೆಕ್ಕದಲ್ಲಿ ಗುರುತಿಸುತ್ತಾರೆ. 25 ಮೀಟರ್ ಎಂದರೆ ಓರೆಯಾದ ಉಕ್ಕಿನ ತೊಲೆಗಳ ಮೇಲೆ ಪೀಪಾಯಿಗಳು ಉರುಳಿ ಬರುವ ಹಂತ. 50 ಮೀಟರ್‌ನಲ್ಲಿ ಕನ್ವೇಯರ್ ಬೆಲ್ಟ್ ಮೇಲೆ ಸಿಮೆಂಟ್ ಬಾಂಡ್ಲಿಗಳು ಸಾಗುತ್ತವೆ. 75 ಮೀಟರ್‌ನಲ್ಲಿ ಏರಿಳಿಯುವ ಲಿಫ್ಟ್‌ಗಳೂ ಪುಟಿಯುವ ಸ್ಪ್ರಿಂಗ್‌ಗಳೂ ಇವೆ. 100 ಮೀಟರ್‌ನಲ್ಲಿ ಎಂಟು ರಿವೆಟ್‌ಗಳನ್ನು ಕಿತ್ತು ಕಾಂಗ್‌ನನ್ನು ಕೆಳಕ್ಕೆ ಕೆಡವಬೇಕು. ಜಪಾನಿನ ಆವೃತ್ತಿಯಲ್ಲಿ ಇವು ಇದೇ ಕ್ರಮದಲ್ಲಿ ಬರುತ್ತವೆ. ಅಮೆರಿಕದ ಆವೃತ್ತಿಯಲ್ಲಿ ಮೊದಲ ಸುತ್ತಿನಲ್ಲಿ 25 ಮತ್ತು 100 ಮಾತ್ರ ಇವೆ. ಎರಡನೆಯ ಸುತ್ತಿನಲ್ಲಿ 75 ಸೇರಿಕೊಳ್ಳುತ್ತದೆ. ಸಿಮೆಂಟ್ ಬಾಂಡ್ಲಿಯ ಹಂತ ಕಾಣಿಸಿಕೊಳ್ಳುವುದು ಮೂರನೆಯ ಸುತ್ತಿನಲ್ಲಿ. ಅಂದರೆ ಅಲ್ಲಿ ನಾಣ್ಯ ಹಾಕಿ ಆಡಿ ಬೇಗ ಸೋತವರು ಆ ಹಂತವನ್ನು ನೋಡುವ ಸಂಭವವೇ ಕಡಿಮೆಯಿತ್ತು. ಮನೆ ಆವೃತ್ತಿಗಳು ಹಂತವೊಂದನ್ನು ಕೈಬಿಡಬೇಕಾಗಿ ಬಂದಾಗ ಬಲಿಯಾದದ್ದು ಹೆಚ್ಚಾಗಿ ಇದೇ ಆಗಿರುವುದಕ್ಕೆ ಈ ಕ್ರಮವೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಆದ್ದರಿಂದ ಯಾವ ದೇಶದ ಆರ್ಕೇಡ್ ಆವೃತ್ತಿಯನ್ನು ಮೂಲವೆಂದು ಹಿಡಿದಿದ್ದೀರಿ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆಯಿರಿ. ಹಳೆಯ ಆರ್ಕೇಡ್ ಯಂತ್ರವೇ ಬೇಕೆಂದೇನೂ ಇಲ್ಲ. ಹ್ಯಾಮ್‌ಸ್ಟರ್ ಕಂಪನಿ 2018ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರಕ್ಕೆ ಹೊರತಂದ ಆವೃತ್ತಿಯಲ್ಲಿ ಜಪಾನಿನ ಎರಡು ರೂಪಗಳೂ ಅಂತರರಾಷ್ಟ್ರೀಯ ರೂಪವೂ ಒಟ್ಟಿಗಿವೆ. ಅದೇ ಸ್ವಿಚ್‌ನ ಚಂದಾ ಸೇವೆಯಲ್ಲಿ ನಿಂಟೆಂಡೊದ ಹಳೆಯ ಮನೆ ಯಂತ್ರವಾದ ಫ್ಯಾಮಿಕಾಮ್‌ನ (ಜಪಾನಿನ ಹೊರಗೆ ಅದರ ಹೆಸರು ಎನ್‌ಇಎಸ್) ಆವೃತ್ತಿಯೂ ದೊರೆಯುವುದರಿಂದ, ಒಂದೇ ಟಿವಿ, ಒಂದೇ ಕಂಟ್ರೋಲರ್ ಇಟ್ಟುಕೊಂಡು ನ್ಯಾಯಬದ್ಧವಾಗಿ ಹೋಲಿಕೆ ಆರಂಭಿಸಬಹುದು.

ಯಾವ ಆವೃತ್ತಿ ಯಾರದು ಎಂದು ಗುರುತು ಹಾಕಿ

‘ಕಂಪ್ಯೂಟರ್ ಆವೃತ್ತಿ’ ಎಂದಷ್ಟೇ ಬರೆದರೆ ಸಾಲದು. ಯಂತ್ರ, ವರ್ಷ, ಪ್ರಕಾಶಕರು ಮೂರನ್ನೂ ಬರೆಯಬೇಕು. ಕಮೊಡೋರ್ 64 ಕಂಪ್ಯೂಟರ್ ಒಂದಕ್ಕೇ ಎರಡು ಬೇರೆ ಬೇರೆ ಡಾಂಕಿ ಕಾಂಗ್‌ಗಳಿವೆ: 1983ರಲ್ಲಿ ಅಟಾರಿಸಾಫ್ಟ್ ಹೊರತಂದದ್ದು ಒಂದು, 1986ರಲ್ಲಿ ಬ್ರಿಟನ್ನಿನ ಓಷನ್ ಕಂಪನಿಯದು ಇನ್ನೊಂದು.

ಕನ್ಸೋಲ್ (ಟಿವಿಗೆ ಜೋಡಿಸುವ ಆಟದ ಯಂತ್ರ) ಮತ್ತು ಕಂಪ್ಯೂಟರ್ ಆವೃತ್ತಿಗಳು ಬೇರೆ ಬೇರೆ ಕೈಗಳಲ್ಲಿ ತಯಾರಾದದ್ದಕ್ಕೆ ಹಕ್ಕುಗಳ ಹಂಚಿಕೆಯೂ ಕಾರಣ. ನಿಂಟೆಂಡೊ ಕಂಪನಿಯು ಮನೆ ಕನ್ಸೋಲ್‌ಗಳ ಹಕ್ಕನ್ನು ಕೊಲೆಕೊ ಕಂಪನಿಗೂ ಮನೆ ಕಂಪ್ಯೂಟರ್‌ಗಳ ಹಕ್ಕನ್ನು ಅಟಾರಿ ಕಂಪನಿಗೂ ಕೊಟ್ಟಿತ್ತು. ಕೊಲೆಕೊ 1982ರಲ್ಲಿ ತನ್ನ ಕೊಲೆಕೊವಿಷನ್ ಯಂತ್ರದ ಜೊತೆಯಲ್ಲೇ ಈ ಆಟವನ್ನು ಕೊಟ್ಟಿತು. ಎದುರಾಳಿ ಯಂತ್ರಗಳಾದ ಅಟಾರಿ 2600 ಮತ್ತು ಇಂಟೆಲಿವಿಷನ್‌ಗೂ ಮಾಡಿ ಮಾರಿತು. 1983ರ ಜೂನ್‌ನಲ್ಲಿ ಷಿಕಾಗೊದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಕೊಲೆಕೊ ತನ್ನ ಹೊಸ ಆಡಮ್ ಯಂತ್ರದ ಮೇಲೆ ಡಾಂಕಿ ಕಾಂಗ್ ಓಡಿಸಿ ತೋರಿಸಿದಾಗ, ಆಡಮ್ ಕಂಪ್ಯೂಟರೇ ಆಗಿದ್ದುದರಿಂದ ಅಟಾರಿ ಸಿಟ್ಟಿಗೆದ್ದಿತು. ಆ ಹೊತ್ತಿಗೆ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರವನ್ನು ಜಪಾನಿನ ಹೊರಗೆ ಮಾರುವ ಬಗ್ಗೆ ಅಟಾರಿ ಮತ್ತು ನಿಂಟೆಂಡೊ ಮಾತುಕತೆಯಲ್ಲಿದ್ದವು ಎಂಬುದನ್ನು ನೆನೆದರೆ, ಒಂದು ಆಟದ ಹಕ್ಕು ಎಷ್ಟು ತೂಕದ್ದಾಗಿತ್ತೆಂದು ತಿಳಿಯುತ್ತದೆ.

ಪರದೆಯನ್ನು ಸರಿಪಡಿಸಿಕೊಳ್ಳಿ

ಹೋಲಿಸುವ ಎಲ್ಲ ಆವೃತ್ತಿಗಳನ್ನೂ ಒಂದೇ ಟಿವಿಯಲ್ಲಿ ಆಡಿ. ಈಗಿನ ಅಗಲ ಪರದೆಯಲ್ಲಿ ಚಿತ್ರ ಹಿಗ್ಗದಂತೆ ಅನುಪಾತವನ್ನು 4:3ಕ್ಕೆ ಇಡಿ. ಆರ್ಕೇಡ್ ಆವೃತ್ತಿಗೆ ಮಾತ್ರ ಅದು ತಿರುಗಿ 3:4 ಆಗುತ್ತದೆ. ಟಿವಿಯಲ್ಲಿ ‘ಗೇಮ್ ಮೋಡ್’ ಇದ್ದರೆ ಅದನ್ನು ಚಾಲೂ ಮಾಡಿ, ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಮಾರಿಯೊ ಹಾರುವುದಕ್ಕೂ ನಡುವೆ ಟಿವಿ ಮಾಡುವ ತಡವನ್ನು ನೀವು ಆಟದ ತಪ್ಪೆಂದು ಬರೆದುಕೊಳ್ಳುತ್ತೀರಿ.

50 ಹರ್ಟ್ಸ್, 60 ಹರ್ಟ್ಸ್ ವ್ಯತ್ಯಾಸದ ಬಗ್ಗೆ ಎಚ್ಚರವಿರಲಿ. ಅಮೆರಿಕ ಮತ್ತು ಜಪಾನಿನ ಟಿವಿಗಳಿಗೆ ಮಾಡಿದ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ತೋರಿಸುತ್ತದೆ. ಯೂರೋಪಿನ ಹಲವು ದೇಶಗಳಲ್ಲೂ ಭಾರತದಲ್ಲೂ ಇದ್ದ ಪಾಲ್ ವ್ಯವಸ್ಥೆಯ ಯಂತ್ರ 50ನ್ನು. ಪ್ರೋಗ್ರಾಮ್ ಬರೆದವರು ಇದನ್ನು ಸರಿದೂಗಿಸದಿದ್ದರೆ ಆಟ ಆರನೇ ಒಂದು ಭಾಗದಷ್ಟು ನಿಧಾನವಾಗುತ್ತದೆ. ಬಾಲ್ಯದಲ್ಲಿ ಪೀಪಾಯಿಗಳನ್ನು ಸಲೀಸಾಗಿ ದಾಟುತ್ತಿದ್ದೆ, ಈಗ ಕೈ ಬಿದ್ದುಹೋಗಿದೆ ಎಂದು ಕೊರಗುವವರು ವಯಸ್ಸನ್ನು ದೂರುವ ಮೊದಲು ಈ ಅಂಕಿಯನ್ನು ನೋಡುವುದು ಒಳ್ಳೆಯದು.

ಹಂತಗಳನ್ನೂ ತೊಲೆಗಳನ್ನೂ ಎಣಿಸಿ

ಇನ್ನು ಎಣಿಕೆ. ಪ್ರತಿ ಆವೃತ್ತಿಯಲ್ಲೂ ಹಂತಗಳೆಷ್ಟು, ಆರಂಭದಲ್ಲಿ ಕಾಂಗ್ ಹುಡುಗಿಯನ್ನು ಹೊತ್ತು ಏಣಿ ಹತ್ತುವ ದೃಶ್ಯವಿದೆಯೇ, ಹಂತಗಳ ನಡುವೆ ‘ಎಷ್ಟು ಎತ್ತರ ಏರಬಲ್ಲೆ?’ ಎಂದು ಕೇಳುವ ಪರದೆ ಇದೆಯೇ ಎಂದು ನೋಡಿ. ಅಟಾರಿ 2600ರಲ್ಲಿ ಎರಡು ಹಂತಗಳಿವೆ, 25 ಮತ್ತು 100. ಕೊಲೆಕೊವಿಷನ್‌ನಲ್ಲಿ ಮೂರು. 1983ರ ಜುಲೈ 15ರಂದು ಫ್ಯಾಮಿಕಾಮ್ ಯಂತ್ರದ ಜೊತೆಗೇ ಬಂದ ನಿಂಟೆಂಡೊದ ಸ್ವಂತ ಆವೃತ್ತಿಯಲ್ಲೂ ಮೂರೇ. ಆರಂಭದ ದೃಶ್ಯವೂ ಅದರಲ್ಲಿಲ್ಲ. ಅಟಾರಿಯ 8 ಬಿಟ್ ಕಂಪ್ಯೂಟರ್‌ಗಳಿಗೆ ಲ್ಯಾಂಡನ್ ಡೈಯರ್ ಬರೆದ 1983ರ ಆವೃತ್ತಿಯಲ್ಲಿ ನಾಲ್ಕೂ ಇವೆ.

ಇಲ್ಲಿ ಅವಸರದ ತೀರ್ಮಾನವೊಂದು ಬಾಗಿಲಲ್ಲೇ ಕಾದಿರುತ್ತದೆ: ಜಾಗ ಸಾಲದೆ ಹಂತ ಬಿಟ್ಟರು ಎಂಬುದು. ಅಟಾರಿ 2600ರ ಮಟ್ಟಿಗೆ ಅದು ನಿಜ, ಆ ಕ್ಯಾಸೆಟ್ಟಿನಲ್ಲಿದ್ದದ್ದು 4 ಕಿಲೊಬೈಟ್. ಆದರೆ ಡೈಯರ್ ನಾಲ್ಕು ಹಂತಗಳನ್ನು 16 ಕಿಲೊಬೈಟ್‌ನಲ್ಲಿ ತುಂಬಿದರು. ಫ್ಯಾಮಿಕಾಮ್ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮಿಗೆ 16, ಚಿತ್ರಗಳಿಗೆ 8, ಒಟ್ಟು 24 ಕಿಲೊಬೈಟ್ ಇದ್ದೂ ಮೂರೇ ಹಂತ ಬಂದವು. ಹಾಗಾಗಿ ಕ್ಯಾಸೆಟ್ಟಿನ ಗಾತ್ರವನ್ನು ಬರೆದುಕೊಳ್ಳಿ, ಆದರೆ ಎಲ್ಲಕ್ಕೂ ಅದನ್ನೇ ಉತ್ತರವಾಗಿ ಮುಂದಿಡಬೇಡಿ.

ಹಂತಗಳಾದ ಮೇಲೆ ತೊಲೆಗಳು. ಆರ್ಕೇಡ್ ಪೆಟ್ಟಿಗೆಯೊಳಗೆ ಪರದೆ ನೆಟ್ಟಗೆ ನಿಂತಿತ್ತು, ಅಗಲ 224 ಚುಕ್ಕೆ, ಎತ್ತರ 256 ಚುಕ್ಕೆ. ಮನೆಯ ಟಿವಿ ಅಡ್ಡ ಮಲಗಿತ್ತು. ಕೊಲೆಕೊವಿಷನ್‌ಗೆ ಸಿಕ್ಕ ಎತ್ತರ 192 ಚುಕ್ಕೆ. ಏರುವುದೇ ಕೆಲಸವಾದ ಆಟದಲ್ಲಿ ಎತ್ತರದ ಕಾಲು ಭಾಗ ಹೋಯಿತು ಎಂದರೆ, ತೊಲೆಗಳನ್ನು ಒತ್ತೊತ್ತಾಗಿ ಜೋಡಿಸಬೇಕು, ಇಲ್ಲವೇ ಒಂದನ್ನು ತೆಗೆಯಬೇಕು. ಒಂದನ್ನು ತೆಗೆದರೆ ಇನ್ನೊಂದು ಫಜೀತಿ: ಪೀಪಾಯಿಗಳ ಹಾದಿ ಎಡ ಬಲವಾಗಿ ಅಂಕುಡೊಂಕಾಗಿ ಇಳಿಯುವುದರಿಂದ, ತೊಲೆಗಳ ಸಂಖ್ಯೆ ಬೆಸದಿಂದ ಸರಿಗೆ, ಸರಿಯಿಂದ ಬೆಸಕ್ಕೆ ಬದಲಾದ ಕೂಡಲೇ ಕಾಂಗ್ ನಿಲ್ಲುವ ಬದಿಯನ್ನೋ ಮಾರಿಯೊ ಹೊರಡುವ ಬದಿಯನ್ನೋ ಅದಲುಬದಲು ಮಾಡಬೇಕಾಗುತ್ತದೆ. ಆರ್ಕೇಡ್‌ನಲ್ಲಿ ಕಾಂಗ್ ನಿಲ್ಲುವುದು ಎಡಗಡೆ. ನಿಮ್ಮ ಆವೃತ್ತಿಯಲ್ಲಿ ಅವನು ಬಲಗಡೆ ಕಂಡರೆ, ಕಾರಣವನ್ನು ಕೆಳಗಿನ ತೊಲೆಗಳಲ್ಲಿ ಹುಡುಕಿ.

ಚಲನೆಯನ್ನು ಅಳೆಯಿರಿ

ಹೆಚ್ಚಿನ ಸಮಯವನ್ನು ಕೊಡಬೇಕಾದದ್ದು ಈ ಹೆಜ್ಜೆಗೆ. ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯ ವಿಡಿಯೊ ತೆಗೆಯಲು ಬಂದರೆ, 60 ಹರ್ಟ್ಸ್ ಆಟದ ಒಂದೊಂದು ಚಿತ್ರಕ್ಕೆ ನಿಮ್ಮ ವಿಡಿಯೊದಲ್ಲಿ ನಾಲ್ಕು ಚಿತ್ರಗಳು ಸಿಗುತ್ತವೆ. ಗುಂಡಿ ಒತ್ತುವ ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಫೋನನ್ನು ನಿಲ್ಲಿಸಿ, ಮಾರಿಯೊನನ್ನು ಸಮತಟ್ಟಾದ ಜಾಗದಲ್ಲಿ ಹತ್ತು ಬಾರಿ ಹಾರಿಸಿ. ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವವರೆಗಿನ ಚಿತ್ರಗಳನ್ನು ಎಣಿಸಿ, ನಾಲ್ಕರಿಂದ ಭಾಗಿಸಿ. ಹಾರಿದ ದೂರವನ್ನು ಮಾರಿಯೊನದೇ ಅಗಲವನ್ನು ಮಾನವಾಗಿಟ್ಟುಕೊಂಡು ಅಳೆಯಿರಿ. ಚುಕ್ಕೆಗಳ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ ಚುಕ್ಕೆಗಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಬಳಿಕ ತೊಲೆಯ ಅಂಚಿನಿಂದ ಮಾರಿಯೊನನ್ನು ಬೇಕೆಂದೇ ಬೀಳಿಸಿ ನೋಡಿ. ಆರ್ಕೇಡ್‌ನಲ್ಲಿ ಅವನು ತನ್ನ ಎತ್ತರಕ್ಕಿಂತ ಹೆಚ್ಚು ಕೆಳಗೆ ಬಿದ್ದರೆ ಸಾಯುತ್ತಾನೆ.

ಪೀಪಾಯಿಗಳ ಬುದ್ಧಿಯನ್ನು ಪರೀಕ್ಷಿಸುವುದು ಇನ್ನೂ ಸ್ವಾರಸ್ಯದ ಕೆಲಸ. ಆರ್ಕೇಡ್‌ನಲ್ಲಿ ಪೀಪಾಯಿಯೊಂದು ಏಣಿಯ ತಲೆಗೆ ಬಂದಾಗ ಇಳಿಯಬೇಕೇ, ಉರುಳುತ್ತ ಮುಂದೆ ಸಾಗಬೇಕೇ ಎಂಬ ನಿರ್ಧಾರ ಪೂರ್ತಿ ಅದೃಷ್ಟದ ಮೇಲೆ ನಿಂತಿಲ್ಲ. ಮಾರಿಯೊ ಪೀಪಾಯಿಗಿಂತ ಮೇಲೆ ಏರಿಬಿಟ್ಟಿದ್ದರೆ ಅದು ಏಣಿ ಇಳಿಯುವುದಿಲ್ಲ. ಕೆಳಗಿದ್ದರೆ ಅವನು ಎಲ್ಲಿದ್ದಾನೆ, ಆಟಗಾರ ಜಾಯ್‌ಸ್ಟಿಕ್ಕನ್ನು ಯಾವ ಕಡೆಗೆ ಒತ್ತಿದ್ದಾನೆ ಎಂಬುದನ್ನೂ ಪ್ರೋಗ್ರಾಮ್ ಗಮನಕ್ಕೆ ತೆಗೆದುಕೊಳ್ಳುತ್ತದೆ. ನುರಿತ ಆಟಗಾರರು ಈ ಗುಟ್ಟನ್ನು ಬಳಸಿ ಪೀಪಾಯಿಗಳನ್ನು ಬೇಕಾದತ್ತ ತಿರುಗಿಸುತ್ತಾರೆ. ನೀವೂ ಕೆಳಗಿನ ತೊಲೆಯೊಂದರಲ್ಲಿ ನಿಂತು ಇಪ್ಪತ್ತು ಪೀಪಾಯಿಗಳಲ್ಲಿ ಎಷ್ಟು ಏಣಿ ಇಳಿದವೆಂದು ಬರೆದುಕೊಳ್ಳಿ. ಆಮೇಲೆ ಅವು ಏಣಿಯ ಬಳಿ ಬರುವಾಗಲೆಲ್ಲ ಜಾಯ್‌ಸ್ಟಿಕ್ಕನ್ನು ಅವುಗಳ ಕಡೆಗೆ ಒತ್ತಿ, ಮತ್ತೆ ಇಪ್ಪತ್ತನ್ನು ಎಣಿಸಿ. ಎರಡು ಸಂಖ್ಯೆಗಳಲ್ಲಿ ಸ್ಪಷ್ಟ ಅಂತರವಿಲ್ಲದ ಮನೆ ಆವೃತ್ತಿಯಲ್ಲಿ ಆ ಬುದ್ಧಿಯನ್ನು ತಂದಿಲ್ಲವೆಂದು ಹೇಳಬಹುದು. ಚಿತ್ರ ಎಷ್ಟೇ ಹೋಲಲಿ, ನನ್ನ ಪಾಲಿಗೆ ಅದು ದೂರದ ನೆಂಟ ಮಾತ್ರ.

ಸುತ್ತಿಗೆ ಹಿಡಿದಾಗ ಒಡೆದ ಪೀಪಾಯಿಗೆ ಸಿಗುವ ಅಂಕಗಳನ್ನೂ ಬರೆದಿಡಿ. ಆರ್ಕೇಡ್‌ನಲ್ಲಿ 300, 500, 800ರಲ್ಲಿ ಯಾವುದಾದರೂ ಬರಬಹುದು. ಹಾರಿ ದಾಟಿದ ಪೀಪಾಯಿಗೆ 100.

ಸದ್ದಿನ ಹೋಲಿಕೆಗೆ ಹೆಚ್ಚು ಹೊತ್ತು ಬೇಡ. ಆರ್ಕೇಡ್‌ನಲ್ಲಿ ಮಾರಿಯೊನ ಹೆಜ್ಜೆ, ನೆಗೆತದಂಥ ಸದ್ದುಗಳನ್ನು ಅದಕ್ಕೆಂದೇ ಜೋಡಿಸಿದ ಅನಲಾಗ್ ಸರ್ಕ್ಯೂಟ್‌ಗಳು ಹೊರಡಿಸುತ್ತಿದ್ದವು. ಮನೆಯ ಯಂತ್ರಗಳ ಧ್ವನಿ ಚಿಪ್‌ಗಳು ಅವನ್ನು ಅನುಕರಿಸಿದವು, ಅಷ್ಟೆ.

ಯಂತ್ರದ ಕಸುವಿಗೆ ತಕ್ಕಂತೆ ತೂಗಿ

ನೋಟ್‌ಬುಕ್ ತುಂಬಿದ ಮೇಲೆ ತೀರ್ಪು. ಗ್ಯಾರಿ ಕಿಚನ್ ಬರೆದ ಅಟಾರಿ 2600ರ ಆವೃತ್ತಿಯನ್ನು ಹೀಯಾಳಿಸಿದವರು ಬಹಳ. ಕಾಂಗ್ ಗೊರಿಲ್ಲಾದಂತೆ ಕಾಣುವುದಿಲ್ಲ, ಪೀಪಾಯಿಗಳು ಬಿಸ್ಕತ್ತಿನಂತಿವೆ ಎಂಬ ದೂರು ಸುಳ್ಳಲ್ಲ. ಆ ಯಂತ್ರದ ಒಟ್ಟು ಮೆಮೊರಿ 128 ಬೈಟ್. ಪರದೆಯಲ್ಲಿ ಅಲೆದಾಡುವ ವಸ್ತುಗಳಿಗೆಂದು ಹಾರ್ಡ್‌ವೇರ್ ಕೊಟ್ಟದ್ದು ಎರಡು ಆಟಗಾರ ಚಿತ್ರ, ಎರಡು ಗುಂಡು, ಒಂದು ಚೆಂಡು. ಇಷ್ಟರಲ್ಲಿ ತೊಲೆಗಳ ಓರೆಯನ್ನು ಉಳಿಸಿಕೊಂಡಿರುವುದನ್ನು ನೋಡಿದಾಗ, ಆಟದ ಜೀವ ಯಾವುದರಲ್ಲಿದೆ ಎಂದು ಆತನಿಗೆ ಗೊತ್ತಿತ್ತು ಎನ್ನಿಸುತ್ತದೆ. ಇನ್ನು, ಮೂಲ ಪ್ರೋಗ್ರಾಮಿನ ನೆರವಿಲ್ಲದೆ ಆರ್ಕೇಡ್ ಯಂತ್ರವನ್ನು ಆಡಿ ನೋಡಿಯೇ ನಾಲ್ಕೂ ಹಂತಗಳನ್ನು ಕಟ್ಟಿದ ಡೈಯರ್ ಅವರ ಕಂಪ್ಯೂಟರ್ ಆವೃತ್ತಿಗೆ 1983ರವರೆಗಿನ ಆವೃತ್ತಿಗಳಲ್ಲಿ ನಾನು ಮೊದಲ ಸ್ಥಾನ ಕೊಡುತ್ತೇನೆ. ಫ್ಯಾಮಿಕಾಮ್‌ನ ಚಿತ್ರ ಆರ್ಕೇಡ್‌ಗೆ ಹೆಚ್ಚು ಹತ್ತಿರವಾದರೂ ಅದಕ್ಕೆ ಎರಡನೆಯದು.

ಆರ್ಕೇಡ್ ಆಟಕ್ಕೆ ಒಂದು ಕೊನೆಯೂ ಇದೆ, ಅದು ಉದ್ದೇಶಪೂರ್ವಕವಾಗಿ ಇಟ್ಟದ್ದಲ್ಲ. ಬೋನಸ್ ಸಮಯದ ಲೆಕ್ಕದಲ್ಲಿ ಸುತ್ತಿನ ಸಂಖ್ಯೆಯನ್ನು ಹತ್ತರಿಂದ ಗುಣಿಸಿ 40 ಕೂಡಿಸುತ್ತಾರೆ. 22ನೇ ಸುತ್ತಿನಲ್ಲಿ ಅದು 260 ಆಗುತ್ತದೆ. ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದ ಕಾರಣ ಉಳಿಯುವುದು 4, ನೂರರ ಲೆಕ್ಕದಲ್ಲಿ ಅಂದರೆ 400 ಬೋನಸ್. ಕೆಲವೇ ಸೆಕೆಂಡುಗಳಲ್ಲಿ ಸಮಯ ಮುಗಿದು ಮಾರಿಯೊ ಸಾಯುತ್ತಾನೆ. ಮನೆ ಆವೃತ್ತಿಗಳಲ್ಲಿ ಇದನ್ನು ಪರೀಕ್ಷಿಸಲು 22ನೇ ಸುತ್ತಿನವರೆಗೆ ಬದುಕಿರಬೇಕು. ಪ್ರಯತ್ನಿಸುವವರಿಗೆ ಶುಭವಾಗಲಿ, ನನ್ನ ನೋಟ್‌ಬುಕ್ಕಿನಲ್ಲಿ ಆ ಅಂಕಣ ಖಾಲಿಯಿದೆ.

ಅವಕಾಶ ಸಿಕ್ಕರೆ ಕೊನೆಗೊಂದು ಹೋಲಿಕೆ ಮಾಡಿ. ನಿಂಟೆಂಡೊ 2010ರಲ್ಲಿ, ಸೂಪರ್ ಮಾರಿಯೊ ಆಟದ 25ನೇ ವರ್ಷದ ನೆನಪಿಗೆ ಯೂರೋಪಿನಲ್ಲಿ ಮಾರಿದ ಕೆಂಪು ಬಣ್ಣದ ವೀ ಯಂತ್ರದೊಳಗೆ ಡಾಂಕಿ ಕಾಂಗ್‌ನ ಹೊಸ ಎನ್‌ಇಎಸ್ ರೂಪವೊಂದನ್ನು ಇಟ್ಟಿತ್ತು. 27 ವರ್ಷಗಳ ಹಿಂದೆ ಬಿಟ್ಟಿದ್ದ 50 ಮೀಟರ್ ಹಂತವನ್ನು ಅದರಲ್ಲಿ ಸೇರಿಸಲಾಗಿದೆ. ಅದನ್ನೂ ಹಳೆಯ ಫ್ಯಾಮಿಕಾಮ್ ಕ್ಯಾಸೆಟ್ಟನ್ನೂ ಒಂದರ ಬೆನ್ನಿಗೊಂದು ಆಡಿದರೆ, ಚಿತ್ರ, ಸದ್ದು, ನೆಗೆತ ಎಲ್ಲವೂ ಬಹುಮಟ್ಟಿಗೆ ಒಂದೇ ಇದ್ದು ಒಂದು ಹಂತ ಹೆಚ್ಚಾದಾಗ ಆಟದ ಓಟ ಎಷ್ಟು ಬದಲಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ನೋಡಬಹುದು. 75 ಮೀಟರ್‌ನ ಸ್ಪ್ರಿಂಗ್‌ಗಳ ಎದುರು ನಿಲ್ಲುವ ಹೊತ್ತಿಗೆ ನಿಮ್ಮಲ್ಲಿ ಎಷ್ಟು ಜೀವಗಳು ಉಳಿದಿವೆ ಎಂದು ಎರಡರಲ್ಲೂ ಬರೆದಿಟ್ಟುಕೊಳ್ಳಿ.