ಮಳೆಯಲ್ಲೇ ಕಾಲೇಜು ನೋಡಿ ಬಂದೆವು

ನನ್ನ ಮಗಳಿಗೆ ಬಿಎಸ್ಸಿ ಅರಣ್ಯಶಾಸ್ತ್ರ ಓದುವ ಆಸೆ. ಅದಕ್ಕೆ ನಮ್ಮ ರಾಜ್ಯದಲ್ಲಿ ಕೊಡಗಿನ ಪೊನ್ನಂಪೇಟೆ ಮತ್ತು ಉತ್ತರ ಕನ್ನಡದ ಶಿರಸಿಯ ಕಾಲೇಜುಗಳಿವೆ. ಪೊನ್ನಂಪೇಟೆಯದು 1995ರಲ್ಲಿ ಶುರುವಾದದ್ದು. ನಮ್ಮ ಊರು ಸೋಮವಾರಪೇಟೆ ಹತ್ತಿರ. ಒಂದೇ ಜಿಲ್ಲೆಯಾದರೂ ಈ ತುದಿಯಿಂದ ಆ ತುದಿಗೆ ಹೋದ ಹಾಗೆ.

ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ, ಸಿಇಟಿ ಮುಗಿದ ಮೇಲೆ ಒಂದು ಭಾನುವಾರ. ಹೂಮಳೆ ಬಿದ್ದು ದಾರಿಯುದ್ದಕ್ಕೂ ತೋಟಗಳು ಬೆಳ್ಳಗಿದ್ದವು, ಕಾರಿನೊಳಗೆಲ್ಲ ಕಾಫಿ ಹೂವಿನ ಘಮ. ಕಾಲೇಜಿಗೆ ರಜೆ. ಹೊರಗಿನಿಂದ ಕಟ್ಟಡ ನೋಡಿದೆವು, ಮರ ನೋಡಿದೆವು, ಫೋಟೋ ತೆಗೆದುಕೊಂಡು ಬಂದೆವು. ರಾತ್ರಿ ಊಟಕ್ಕೆ ಕೂತಾಗ ನಮ್ಮೆಜಮಾನರು, "ಹಾಸ್ಟೆಲ್ ಹೇಗಿದೆ? ಪಾಠ ಹೇಗಂತೆ?" ಎಂದು ಕೇಳಿದರು. ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಅಷ್ಟು ದೂರ ಹೋಗಿ ಒಬ್ಬ ವಿದ್ಯಾರ್ಥಿಯನ್ನೂ ಮಾತಾಡಿಸದೆ ಬಂದಿದ್ದೆವು.

ನಡುವೆ ಜಿಲ್ಲೆಯ ಹೊರಗಿನ ಒಂದು ಖಾಸಗಿ ಕಾಲೇಜಿಗೂ ಹೋಗಿದ್ದೆವು. ಅಲ್ಲಿನವರು ಕಂಪ್ಯೂಟರ್ ಲ್ಯಾಬ್ ಒಂದನ್ನೇ ತೋರಿಸಿದರು. ಹಾಸ್ಟೆಲ್ ನೋಡಬೇಕು ಎಂದರೆ, "ಮೊದಲು ಸೀಟು ಬ್ಲಾಕ್ ಮಾಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಹೋಗಿ" ಅಂದರು. ಕೊಡಲಿಲ್ಲ. ಒರಿಜಿನಲ್‌ಗಳನ್ನು ನೋಡಿ, ತಾಳೆ ಮಾಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯಗಳ ಮೇಲಿರುವ ಯುಜಿಸಿಯೇ ಹೇಳಿದೆ. ಇದು ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು.

ಎರಡನೇ ಸಲ ಪೊನ್ನಂಪೇಟೆಗೆ ಜುಲೈನಲ್ಲಿ ಹೋದೆವು. ಬೇಕಂತಲೇ ಕೆಲಸದ ದಿನ, ಬೇಕಂತಲೇ ಮಳೆಯಲ್ಲಿ, ಬಸ್ಸಿನಲ್ಲೇ. ಅವಳು ಮುಂದೆ ಓಡಾಡಬೇಕಾದದ್ದು ಹಾಗೇ ಅಲ್ವಾ? ಕೊಡಗಿಗೆ ರೈಲು ಇಲ್ಲ, ಇರುವುದು ಬಸ್ಸೇ. ಹಿಂದಿನ ದಿನ ಆಫೀಸಿಗೆ ಫೋನ್ ಮಾಡಿ ಅನುಮತಿ ಕೇಳಿದ್ದೆ, ಮಳೆ ರಜೆ ಇದೆಯಾ ಅಂತಲೂ ವಿಚಾರಿಸಿದ್ದೆ. ಮಡಿಕೇರಿಯಲ್ಲಿ ಬಸ್ ಬದಲಿಸಿ ವಿರಾಜಪೇಟೆ, ಗೋಣಿಕೊಪ್ಪದ ಮೇಲೆ ಹೋಗಿ ಇಳಿಯುವ ಹೊತ್ತಿಗೆ ಇಬ್ಬರ ಸೀರೆ, ಚೂಡಿದಾರದ ಅಂಚೆಲ್ಲ ಒದ್ದೆ. ಕೊನೆಯ ಬಸ್ ಎಷ್ಟು ಹೊತ್ತಿಗೆ, ಮಳೆ ಜೋರಾದರೆ ಅದು ಬರುತ್ತಾ ಇಲ್ವಾ ಅಂತ ಕಂಡಕ್ಟರ್ ಹತ್ತಿರವೇ ಕೇಳಿಕೊಂಡೆವು.

ಹೋಗುವ ಮುಂಚೆಯೇ ನಾನು ಒಂದು ತೀರ್ಮಾನ ಮಾಡಿದ್ದೆ. ಈ ಸಲ ಪ್ರಶ್ನೆ ಕೇಳುವವಳು ಮಗಳು, ನಾನಲ್ಲ. ಖಾಸಗಿ ಕಾಲೇಜಿನಲ್ಲಿ ಎಲ್ಲವನ್ನೂ ನಾನೇ ಕೇಳಿದ್ದೆ, ಅವಳು ಪಕ್ಕದಲ್ಲಿ ಸುಮ್ನೆ ನಿಂತಿದ್ದಳು. ಓದುವವಳು ಅವಳು. ಅವಳ ಬಾಯಿಂದ ಬಂದರೆ ಹುಡುಗಿಯರು ನಿಜ ಹೇಳುತ್ತಾರೆ, ತಾಯಿ ಕೇಳಿದರೆ "ಎಲ್ಲ ಚೆನ್ನಾಗಿದೆ ಆಂಟಿ" ಅನ್ನುತ್ತಾರೆ.

ಮೂರನೇ ವರ್ಷದ ಒಬ್ಬ ಹುಡುಗಿ ಸಿಕ್ಕಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಫೀಲ್ಡ್ ಪುಸ್ತಕ. ಮಗಳು ನೋಡಬಹುದಾ ಎಂದು ಕೇಳಿದಳು. ಎಡಗಡೆ ಕನ್ನಡದ ಹೆಸರು, ಬಲಗಡೆ ಲ್ಯಾಟಿನ್ ಹೆಸರು, ಕೆಳಗೆ ಪೆನ್ಸಿಲ್‌ನಲ್ಲಿ ಬರೆದ ಎಲೆ. ಹೊನ್ನೆ, ಟೆರೋಕಾರ್ಪಸ್ ಮಾರ್ಸುಪಿಯಮ್. ಬೀಟೆ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಕೆಲವು ಪುಟಗಳಲ್ಲಿ ಮಳೆನೀರು ತಾಗಿ ಶಾಯಿ ಹರಡಿತ್ತು. "ಅಮ್ಮ, ಈ ಎರಡೂ ನಮ್ಮ ತೋಟದ ನೆರಳಿನ ಮರ" ಎಂದು ಮಗಳು ನನ್ನ ಕಡೆ ತಿರುಗಿದಳು. ಅಲ್ಲಿಂದ ಮುಂದೆ ನಾನು ಅವರಿಬ್ಬರನ್ನೇ ಬಿಟ್ಟು ಒಂದು ಮೂಲೆಯಲ್ಲಿ ಕೂತೆ. ಅರ್ಧ ಗಂಟೆಯಾದರೂ ಅವರ ಮಾತು ಮುಗಿಯಲಿಲ್ಲ.

ಆಮೇಲೆ ಬಂದು ನನಗೂ ಎರಡು ಮಾತು ಹೇಳಿದಳು ಆ ಹುಡುಗಿ. "ಆಂಟಿ, ಈ ಮಳೆಗೆ ಬಟ್ಟೆ ಮೂರು ದಿನ ಆದ್ರೂ ಒಣಗಲ್ಲ. ಎರಡು ಜೊತೆ ಜಾಸ್ತಿ ಕೊಟ್ಟು ಕಳಿಸಿ. ಫೀಲ್ಡಿಗೆ ಹೋದ್ರೆ ಜಿಗಣೆ ಇರುತ್ತೆ, ಉಪ್ಪಿನ ಗಂಟು ಇಟ್ಕೊಳ್ಳಿ." ಯಾವ ಮಾಹಿತಿ ಪುಸ್ತಕವೂ ಇದನ್ನು ಹೇಳುವುದಿಲ್ಲ. ಕರೆಂಟ್ ಹೋದರೆ ಏನು, ಮೆಸ್ ಬಿಲ್ ತಿಂಗಳಿಗೆ ಎಷ್ಟು ಬೀಳುತ್ತದೆ, ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರಾ, ಮೊದಲ ವರ್ಷದವರಿಗೆಲ್ಲ ಹಾಸ್ಟೆಲ್ ಸಿಗುತ್ತದಾ, ಇಷ್ಟನ್ನು ಮಗಳು ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಶಿರಸಿಯಲ್ಲಿ ಓದುವ ಪರಿಚಯದವರ ನಂಬರ್ ಕೂಡ ಕೇಳಿಕೊಂಡಳು. ಅಷ್ಟು ದೂರ ಹೋಗಿ ನೋಡುವುದು ನಮ್ಮಿಂದ ಆಗದ ಮಾತಾಗಿತ್ತು, ಫೋನಿನಲ್ಲೇ ಇದೇ ಪ್ರಶ್ನೆಗಳನ್ನು ಕೇಳಿದಳು.

ನಾನು ಎಲ್ಲಿ ಹೋದರೂ ತಪ್ಪದೆ ನೋಡುವುದು ಎರಡು. ಒಂದು ಲೈಬ್ರರಿ ಪುಸ್ತಕದ ಹಾಳೆಯ ಮೇಲೆ ಅಂಟಿಸಿದ ತಾರೀಖಿನ ಚೀಟಿ. ಕಪಾಟು ತುಂಬ ಪುಸ್ತಕ ಇದ್ದರೆ ಸಾಲದು, ಅದನ್ನು ಯಾರಾದರೂ ಒಯ್ಯುತ್ತಾರಾ ಅನ್ನುವುದು ಅಲ್ಲಿ ಕಾಣುತ್ತದೆ. ಈಗ ಕೆಲವು ಕಡೆ ಎಲ್ಲ ಕಂಪ್ಯೂಟರ್‌ನಲ್ಲಿದೆ, ಅಲ್ಲಿ ಲೈಬ್ರರಿಯವರನ್ನೇ ಕೇಳಬೇಕು. ಇನ್ನೊಂದು ನೋಟಿಸ್ ಬೋರ್ಡ್. ಹಾಜರಾತಿ ಕಡಿಮೆ ಇರುವವರ ಪಟ್ಟಿ, ಪರೀಕ್ಷೆಯ ತಾರೀಖು, ರ‍್ಯಾಗಿಂಗ್ ತಡೆ ಸಮಿತಿಯವರ ನಂಬರ್, ಎಲ್ಲ ಅಲ್ಲಿರುತ್ತದೆ. ರ‍್ಯಾಗಿಂಗ್ ಸಹಾಯವಾಣಿ 1800-180-5522 ಅನ್ನು ಮಗಳ ಫೋನಿನಲ್ಲಿ ಆ ದಿನವೇ ಸೇವ್ ಮಾಡಿಸಿದೆ. ಮಾನ್ಯತೆಯ ವಿಷಯವನ್ನು ಆಫೀಸಿನಲ್ಲಿ ಕೇಳಿದರೆ ಸಾಕು. ಇಂಜಿನಿಯರಿಂಗ್ ನೋಡುವವರು ಮಾತ್ರ ಒಂದು ನೆನಪಿಡಿ, ಎನ್‌ಬಿಎ ಅನ್ನುವ ಮಂಡಳಿಯ ಮಾನ್ಯತೆ ಸಿಗುವುದು ಒಂದೊಂದು ಬ್ರಾಂಚಿಗೆ, ಇಡೀ ಕಾಲೇಜಿಗಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಇಷ್ಟವಾದದ್ದು, ಆಗದ್ದು ಎರಡನ್ನೂ ಬರೆದಳು. ಮರುದಿನ ಬರೆದರಾಯಿತು ಎಂದು ಬಿಟ್ಟರೆ ಚೆನ್ನಾಗಿರುವುದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಏಪ್ರಿಲ್‌ನಲ್ಲಿ ನಮಗೆ ಆದದ್ದೂ ಅದೇ.

ಈ ಪಟ್ಟಿ ಹಿಡಿದುಕೊಂಡೇ ಆಪ್ಷನ್ ಎಂಟ್ರಿಗೆ, ಅಂದರೆ ಸಿಇಟಿ ನಡೆಸುವ ಕೆಇಎಯ ವೆಬ್‌ಸೈಟಿನಲ್ಲಿ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ತುಂಬುವುದಕ್ಕೆ ಕೂತೆವು. ಅಲ್ಲಿ ಕ್ರಮ ತುಂಬ ಮುಖ್ಯ. ಮೇಲಿನ ಆಯ್ಕೆ ಸಿಕ್ಕಿದರೆ ಅದರ ಕೆಳಗಿನದೆಲ್ಲ ಹೋಗಿಬಿಡುತ್ತದೆ. ಸಿಗುತ್ತೋ ಇಲ್ವೋ ಅಂತ ಲೆಕ್ಕ ಹಾಕಬೇಡ, ನಿಜವಾಗಿ ಬೇಕಾದ್ದನ್ನೇ ಮೇಲೆ ಹಾಕು ಎಂದೆ. ಮಾಕ್ ಅಲಾಟ್‌ಮೆಂಟ್, ಅಂದರೆ ಪ್ರಾಯೋಗಿಕ ಸೀಟು ಹಂಚಿಕೆ, ಬಂದ ಮೇಲೂ ಬದಲಿಸಲು ಅವಕಾಶ ಇತ್ತು, ಅವಳು ಬದಲಿಸಲಿಲ್ಲ. ಪೊನ್ನಂಪೇಟೆ ಮೊದಲು, ಶಿರಸಿ ಎರಡನೆಯದು.

ಸೀಟು ಪೊನ್ನಂಪೇಟೆಯಲ್ಲೇ ಸಿಕ್ಕಿತು. ಹೊರಡುವ ದಿನ ಟ್ರಂಕಿನಲ್ಲಿ ಎರಡು ಜೊತೆ ಹೆಚ್ಚಿನ ಬಟ್ಟೆ, ನೈಲಾನ್ ಹಗ್ಗ, ಗಮ್ ಬೂಟು, ಒಂದು ಗಂಟು ಉಪ್ಪು ಇಟ್ಟೆ. ಹೊಸ ಫೀಲ್ಡ್ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರನ್ನು ಅವಳೇ ಹಾಕಿಕೊಂಡಳು.