ಮಥಾರೆಯ ಹುಡುಗರ ಜೊತೆ ಮೋಟಾರ್ ವೈಂಡಿಂಗ್

ಕೀನ್ಯಾದ ರಾಜಧಾನಿ ನೈರೋಬಿಯ ಥಿಕಾ ರಸ್ತೆಯ ಒಂದು ಕಡೆ ಮುಥೈಗಾ. ದೊಡ್ಡ ಬಂಗಲೆಗಳು, ಬೋರ್‌ವೆಲ್, ಗೇಟಿಗೊಬ್ಬ ಕಾವಲುಗಾರ. ಇನ್ನೊಂದು ಕಡೆ ಮಥಾರೆ. ತಗಡಿನ ಮನೆಗಳು, ಕ್ಯಾನಿನ ಲೆಕ್ಕದಲ್ಲಿ ಕೊಳ್ಳುವ ನೀರು. ಮೋಟಾರ್ ಮಾತ್ರ ಎರಡೂ ಕಡೆ ಸುಡುತ್ತದೆ. ಅಲ್ಲಿ ಪಂಪಿನದು, ಇಲ್ಲಿ ಮೆಕ್ಕೆಜೋಳ ಬೀಸುವ ಗಿರಣಿಯದು. ಆ ಹಿಟ್ಟಿನಿಂದ ಮಾಡುವ ಉಗಾಲಿ ನಮ್ಮ ಮುದ್ದೆಯ ಹಾಗೆ. ಗಿರಣಿ ನಿಂತರೆ ಓಣಿಯೇ ಪರದಾಡುತ್ತದೆ.

ನಾನು ಹುಬ್ಬಳ್ಳಿಯ ವೈಂಡಿಂಗ್ ಅಂಗಡಿಯೊಂದರಲ್ಲಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕಡೆ, ಕೆಲಸ ಕಲಿತವನು. ಮಥಾರೆಗೆ ಹತ್ತಿರದ ಕರಿಯೊಬಾಂಗಿ ಲೈಟ್ ಇಂಡಸ್ಟ್ರೀಸಿನಲ್ಲಿ ಶೆಡ್ ಹಿಡಿದು, ಅಲ್ಲಿನ ಹುಡುಗ ಹುಡುಗಿಯರನ್ನೇ ಕೆಲಸಕ್ಕೆ ತಗೊಂಡೆ. ಫ್ರೀ ತರಬೇತಿ ಅಂತ ಬೋರ್ಡ್ ಹಾಕಲಿಲ್ಲ. ದಿನಗೂಲಿ ಮೇಲೆ ನಡೆಯುವ ಮನೆಯ ಮಕ್ಕಳು ತಿಂಗಳುಗಟ್ಟಲೆ ಸುಮ್ನೆ ಕೂತು ಕಲಿಯೋಕಾಗುತ್ತಾ? ಮೊದಲ ವಾರದಿಂದಲೇ ಕೂಲಿ ಕೊಟ್ಟೆ. ಸುಟ್ಟ ತಾಮ್ರ ಕಿತ್ತು ಸ್ಲಾಟ್ (ತಂತಿ ಕೂರುವ ಗಾಡಿ) ಕೆರೆದು ಕೊಟ್ಟರೆ ಇಷ್ಟು, ಕಾಯಿಲ್ ಸುತ್ತಿದರೆ ಇಷ್ಟು ಅಂತ.

ತಂತಿ ಕತ್ತರಿಸೋ ಮುಂಚೆ ಬರೆದುಕೊಳ್ಳುವುದನ್ನು ಕಲಿಸೋದೇ ಕಷ್ಟದ ಕೆಲಸ. ಕಾಯಿಲಿಗೆ ಎಷ್ಟು ಸುತ್ತು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ, ತಂತಿ ಯಾವ ಗೇಜು, ಕನೆಕ್ಷನ್ ಸ್ಟಾರೋ ಡೆಲ್ಟಾನೋ, ಅಂದರೆ ಮೂರು ಫೇಸಿನ ಕಾಯಿಲ್ ಜೋಡಿಸುವ ಎರಡು ಬಗೆಯಲ್ಲಿ ಯಾವುದು ಅಂತ. ಆಮೇಲೆ ಸುಟ್ಟಿದ್ದನ್ನು ನೋಡಬೇಕು. ಸ್ಟಾರ್ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕರಿಕಟ್ಟಿ, ಮೂರನೆಯದು ಹೊಸದರ ಹಾಗೇ ಇದ್ದರೆ ಒಂದು ಫೇಸ್ ಹೋಗಿತ್ತು ಅಂತ ಅರ್ಥ. ಬರೀ ವೈಂಡಿಂಗ್ ಮಾಡಿ ಕೊಟ್ಟರೆ ಅದು ಮತ್ತೆ ಸುಡುತ್ತದೆ. ಹಾಗಾಗಿ ನಮ್ಮ ಹುಡುಗರು ಗಿರಣಿಗೇ ಹೋಗಿ ಫ್ಯೂಸು, ಸ್ಟಾರ್ಟರ್ ನೋಡಿ, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಹಾಕಿ ಬರುತ್ತಿದ್ದರು. ಗಿರಾಕಿ ಹೆಚ್ಚಿದ್ದು ಇದರಿಂದಲೇ.

ಕೈಗೆ ಕೆಲಸ ಬಂದರೂ ಬಡತನ ಹೋಗಲ್ಲ. ದುಡ್ಡು ಅವರ ಹೆಸರಿಗೆ ಬರಬೇಕು. ಕೂಲಿಯನ್ನೆಲ್ಲ ಎಂ-ಪೆಸಾದಲ್ಲೇ ಹಾಕುತ್ತಿದ್ದೆ. 2007ರಲ್ಲಿ ಶುರುವಾದ ಈ ಮೊಬೈಲ್ ಹಣ ಅಲ್ಲಿ ತರಕಾರಿ ಅಂಗಡಿವರೆಗೂ ನಡೆಯುತ್ತದೆ. ಆದರೆ ಗುರುತಿನ ಚೀಟಿ ಇಲ್ಲದೆ ಸ್ವಂತ ಹೆಸರಲ್ಲಿ ಸಿಮ್ ಸಿಗಲ್ಲ. ಕೆಲವರ ಹತ್ತಿರ ಅದೇ ಇರಲಿಲ್ಲ. ಅರ್ಜಿ ಹಾಕಿಸೋಕೆ ಓಡಾಡಿದ್ದು ವೈಂಡಿಂಗ್ ಕಲಿಸಿದ್ದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಆಮೇಲೆ ಅವರೇ ಒಂದು ಚಾಮಾ ಕಟ್ಟಿಕೊಂಡರು, ಅಂದರೆ ವಾರವಾರ ದುಡ್ಡು ಹಾಕಿ ಸರದಿ ಮೇಲೆ ಎತ್ತುವ ಗುಂಪು. ಅವರ ನಿಯಮ ನನಗೆ ತುಂಬಾ ಹಿಡಿಸಿತು: ಸರದಿ ಬಂದವರು ಮೊದಲು ಮಲ್ಟಿಮೀಟರ್, ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಕೊಳ್ಳಬೇಕು, ಉಳಿದದ್ದು ಮನೆಗೆ.

ಮುಥೈಗಾದ ಗೇಟು ದಾಟೋದು ಬೇರೆಯೇ ಕಥೆ. ಮಥಾರೆ ಅಂದ ಕೂಡಲೇ ಅನುಮಾನ. ಪೊಲೀಸರ ಸನ್ನಡತೆ ಪ್ರಮಾಣಪತ್ರ ಮಾಡಿಸಿದೆವು. ಶಾಲೆ ಅರ್ಧಕ್ಕೆ ಬಿಟ್ಟವರೂ ಬರೆಯಬಹುದಾದ ಸರ್ಕಾರಿ ಟ್ರೇಡ್ ಟೆಸ್ಟ್‌ಗೆ, ಅಂದರೆ ಕಸುಬಿನ ಪರೀಕ್ಷೆಗೆ, ಕೂರಿಸಿದೆ. ನಾನು ಜೊತೆಗೆ ಹೋದರೆ ಬಂಗಲೆಯವರು ನನ್ನ ಹತ್ತಿರವೇ ಮಾತಾಡುತ್ತಿದ್ದರು, ಹುಡುಗಿ ಮೀಟರ್ ಹಿಡಿದು ನಿಂತಿದ್ದರೂ. ಅದಕ್ಕೇ ಹೋಗೋದನ್ನೇ ನಿಲ್ಲಿಸಿದೆ. ಬಿಲ್ಲೂ ಅವಳ ಹೆಸರಿನಲ್ಲೇ ಹೋಗಲಿ ಅಂದೆ.

ಈಗ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರ್ ಕಲಿಯುತ್ತಿದ್ದಾರೆ. ನೀರಿನಲ್ಲೇ ಓಡೋ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು, ಅದಕ್ಕೆ ರೇಟು ಜಾಸ್ತಿ. ಚಾಮಾದ ದುಡ್ಡಿನಲ್ಲಿ ಒಂದು ಸುರುಳಿ ತರಿಸಿದ್ದಾರೆ.